ಸತ್ತ ಕವಿಗಳ ಓಲೆಗಳು ಯಾರ ಸೊತ್ತು?

'ಪೊಸೆಶನ್' ಎಂಬ ಇಂಗ್ಲಿಷ್ ಪದಕ್ಕೆ ಸರಿಹೊಂದುವ ಒಂದೇ ಒಂದು ಮಾತನ್ನು ಕನ್ನಡದಲ್ಲಿ ಹುಡುಕುವುದು ವ್ಯರ್ಥ. ಒಡೆತನ, ಸ್ವಾಧೀನ, ಮೋಹ, ಮೈದುಂಬುವಿಕೆ ಈ ನಾಲ್ಕೂ ಅರ್ಥಗಳು ಆ ಒಂದು ಪದದೊಳಗೆ ಅಡಗಿವೆ. ಇಂಗ್ಲಿಷ್ ಲೇಖಕಿ ಎ.ಎಸ್. ಬಯಟ್ ತಮ್ಮ ಕಾದಂಬರಿಗೆ ಇದೇ ಹೆಸರನ್ನಿಟ್ಟದ್ದು ಈ ನಾಲ್ಕು ಅರ್ಥಗಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ. 1990ರಲ್ಲಿ ಪ್ರಕಟವಾಗಿ ಅದೇ ವರ್ಷ ಬೂಕರ್ ಪ್ರಶಸ್ತಿಗೆ ಪಾತ್ರವಾದ ಆ ಕೃತಿಯಲ್ಲಿ ಯಾರು ಯಾರನ್ನು ವಶಪಡಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಯೇ ಕಥೆಯ ಬೆನ್ನೆಲುಬು. 2002ರಲ್ಲಿ ನೀಲ್ ಲಬ್ಯೂಟ್ ನಿರ್ದೇಶಿಸಿದ ಅದೇ ಹೆಸರಿನ ಚಲನಚಿತ್ರವು ಹೆಸರನ್ನು ಉಳಿಸಿಕೊಂಡು ಪ್ರಶ್ನೆಯನ್ನು ಬಿಟ್ಟುಬಿಟ್ಟಿದೆ. ಒಡೆತನದ ವಿಮರ್ಶೆಯಾಗಿದ್ದುದು ತೆರೆಯ ಮೇಲೆ ಒಡೆತನದ ಉತ್ಸವವಾಗಿದೆ. ಸಾಹಿತ್ಯ ಸಂಶೋಧನೆಯೆಂದರೇನು, ಗತಿಸಿದವರ ಖಾಸಗಿ ಬರಹದ ಮೇಲೆ ಬದುಕಿರುವವರಿಗೆ ಎಷ್ಟು ಹಕ್ಕಿದೆ, ಒಂದು ಕವಿತೆಯನ್ನು ಅರಿಯುವುದಕ್ಕೂ ಕವಿಯ ಮಲಗುವ ಕೋಣೆಯನ್ನು ಇಣುಕಿ ನೋಡುವುದಕ್ಕೂ ಏನು ವ್ಯತ್ಯಾಸ ಎಂಬ ಗಂಭೀರ ವಿಚಾರಗಳಲ್ಲಿ ಈ ಚಿತ್ರವು ಪ್ರೇಕ್ಷಕರ ದಾರಿ ತಪ್ಪಿಸುತ್ತದೆ.

ಕಾದಂಬರಿಯ ಕಥಾವಸ್ತು ಸಂಕ್ಷೇಪವಾಗಿ ಹೀಗಿದೆ. ರೋಲಂಡ್ ಮಿಚೆಲ್ ಎಂಬ ಬಡ ಸಂಶೋಧಕ ಲಂಡನ್ ಲೈಬ್ರರಿಯಲ್ಲಿ ವಿಕ್ಟೋರಿಯಾ ಯುಗದ ಮಹಾಕವಿ ರಾಂಡೋಲ್ಫ್ ಹೆನ್ರಿ ಆಶ್‌ನ ಸ್ವಂತ ಪ್ರತಿಯೊಂದನ್ನು ತಿರುವಿಹಾಕುತ್ತಿರುವಾಗ, ಅಪರಿಚಿತ ಮಹಿಳೆಯೊಬ್ಬಳಿಗೆ ಬರೆದ ಎರಡು ಪತ್ರಗಳ ಕರಡುಗಳು ಸಿಗುತ್ತವೆ. ಆ ಮಹಿಳೆ ಕ್ರಿಸ್ಟಬೆಲ್ ಲಮಾಟ್ ಎಂಬ ಕವಯಿತ್ರಿ ಎಂದು ಊಹಿಸಿ, ಆಕೆಯ ಕುರಿತು ಅಧ್ಯಯನ ಮಾಡುತ್ತಿರುವ ಮಾಡ್ ಬೇಲಿಯ ನೆರವು ಬೇಡುತ್ತಾನೆ. ಇಬ್ಬರೂ ಕೂಡಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಮುಚ್ಚಿಹೋಗಿದ್ದ ಪ್ರಣಯವೊಂದನ್ನು ಬಯಲಿಗೆಳೆಯುತ್ತಾರೆ. ಇದಿಷ್ಟನ್ನೇ ಹೇಳಿದರೆ ಕಾದಂಬರಿಗೂ ಚಿತ್ರಕ್ಕೂ ಭೇದವೇ ತೋರದು. ಭೇದವಿರುವುದು ಕಥೆಯನ್ನು ಹೊತ್ತು ತಂದ ಸಾಮಗ್ರಿಯಲ್ಲಿ. ಆಶ್ ಮತ್ತು ಲಮಾಟ್ ಇಬ್ಬರೂ ಕಲ್ಪಿತ ಕವಿಗಳು. ಆದರೆ ಅವರ ಹೆಸರಿನಲ್ಲಿ ಬಯಟ್ ನೂರಾರು ಸಾಲುಗಳ ಕಾವ್ಯವನ್ನು, ಪತ್ರಗಳನ್ನು, ದಿನಚರಿಗಳನ್ನು, ಕಟ್ಟುಕಥೆಗಳನ್ನು ತಾವೇ ರಚಿಸಿದರು. ಆಶ್‌ನ ಧಾಟಿಯಲ್ಲಿ ರಾಬರ್ಟ್ ಬ್ರೌನಿಂಗ್‌ನ ನಾಟಕೀಯ ಸ್ವಗತಗಳ ನೆರಳಿದೆ. ಲಮಾಟ್‌ಳ ಧಾಟಿಯಲ್ಲಿ ಕ್ರಿಸ್ಟಿನಾ ರೊಸೆಟ್ಟಿಯ ಬಿಗಿಯಿದೆ. ಓದುಗನು ಆ ಕವಿತೆಗಳನ್ನು ಓದಿ, ಪತ್ರಗಳೊಡನೆ ತಾಳೆ ನೋಡಿ, ಸಂಶೋಧಕರ ಜೊತೆಗೇ ಊಹೆಮಾಡಿ, ಅವರ ಜೊತೆಗೇ ಎಡವುತ್ತಾನೆ.

ಚಿತ್ರದ ಮೊದಲನೆಯ ಅಪರಾಧವು ಇಲ್ಲಿಯೇ ಇದೆ: ಕವಿಗಳ ಕುರಿತಾದ ಚಿತ್ರದಲ್ಲಿ ಕವಿತೆಯೇ ಇಲ್ಲವಾಗಿದೆ. ಅಲ್ಲೊಂದು ಇಲ್ಲೊಂದು ಸಾಲು ಹಿನ್ನೆಲೆಯ ದನಿಯಾಗಿ ಕೇಳಿಸುವುದುಂಟು. ಅದು ಊಟದೆಲೆಯ ತುದಿಗೆ ಬಡಿಸಿದ ಉಪ್ಪಿನಷ್ಟು ಮಾತ್ರ. ಒಂದು ನೂರು ನಿಮಿಷಗಳ ಚಿತ್ರದಲ್ಲಿ ಐನೂರಕ್ಕೂ ಹೆಚ್ಚು ಪುಟಗಳ ಕಾದಂಬರಿಯನ್ನು ಇಡಿಯಾಗಿ ಅಡಕಿಸಲು ಬಾರದೆಂಬುದು ಯಾರೂ ಒಪ್ಪುವ ಮಾತು. ಆದರೆ ಬಿಡುವುದಕ್ಕೂ ಒಂದು ವಿವೇಕವಿದೆ. ಕಾವ್ಯವನ್ನು ಕೈಬಿಟ್ಟ ಮೇಲೆ ಆಶ್ ಯಾಕೆ ಮಹಾಕವಿ, ಲಮಾಟ್ ಯಾಕೆ ಮರೆಯಲಾರದ ಕವಯಿತ್ರಿ, ಅವರ ಗುಟ್ಟು ಬಯಲಾದರೆ ಜಗತ್ತಿಗೆ ಆಗುವ ಲಾಭವೇನು ಎಂಬ ಪ್ರಶ್ನೆಗಳಿಗೆ ಚಿತ್ರದಲ್ಲಿ ಉತ್ತರವಿಲ್ಲ. ಸುಂದರ ಉಡುಪಿನ ಒಬ್ಬ ಗಂಡು, ಒಬ್ಬ ಹೆಣ್ಣು, ಒಂದು ಕಡಲತೀರ. ಇವರು ಕವಿಗಳಾಗದೆ ವಣಿಕರಾಗಿದ್ದರೂ ಕಥೆ ಒಂದಿಂಚೂ ಕದಲುತ್ತಿರಲಿಲ್ಲ. ಕಾವ್ಯವೇ ಇಲ್ಲದಿರುವಲ್ಲಿ ಕವಿಯ ಪ್ರಣಯವೆಂಬುದು ಬರಿಯ ಪ್ರಣಯ.

ಎರಡನೆಯ ದೋಷ ಇನ್ನೂ ಆಳದ್ದು. ಸಂಶೋಧಕನಿಗೆ ಗತಕಾಲವು ನೇರವಾಗಿ ಕಾಣಿಸುವುದಿಲ್ಲ. ಅವನ ಕೈಗೆ ಬರುವುದು ಹರಿದ ಹಾಳೆ, ಮಾಸಿದ ಮಸಿ, ಅರ್ಧಕ್ಕೆ ನಿಂತ ವಾಕ್ಯ. ಅದರಿಂದ ಅವನು ಅನುಮಾನಿಸುತ್ತಾನೆ, ಅನುಮಾನವನ್ನು ಪರೀಕ್ಷಿಸುತ್ತಾನೆ, ಬೇರೆ ಆಕರ ಸಿಕ್ಕಾಗ ತಿದ್ದಿಕೊಳ್ಳುತ್ತಾನೆ. ಬಯಟ್ ಈ ಶಿಸ್ತನ್ನು ಬಹುಪಾಲು ಕಾಯ್ದುಕೊಂಡಿದ್ದಾರೆ. ದಾಖಲೆಗಳ ತೆರೆಯನ್ನು ಸರಿಸಿ ಹತ್ತೊಂಬತ್ತನೆಯ ಶತಮಾನವನ್ನು ನೇರವಾಗಿ ತೋರಿಸುವುದು ಕಾದಂಬರಿಯಲ್ಲಿ ಮೂರೇ ಮೂರು ಸಲ; ಆ ಮೂರೂ ಕಡೆ ಓದುಗನಿಗೆ ತಿಳಿದದ್ದು ಸಂಶೋಧಕರಿಗೆ ಎಂದೆಂದಿಗೂ ತಿಳಿಯುವುದಿಲ್ಲ. ಚಿತ್ರವಾದರೋ ಈ ಮಿತವನ್ನು ಗಾಳಿಗೆ ತೂರಿದೆ. ಕ್ಯಾಮೆರಾ ಒಂದೇ ಕೋಣೆಯಲ್ಲಿ ಸರಿದರೆ ಸಾಕು, ಇಂದಿನವರು ಮರೆಯಾಗಿ ಅಂದಿನವರು ಎದುರಾಗುತ್ತಾರೆ. ನೋಡಲು ಇದು ಸೊಗಸೇ. ಜೆರೆಮಿ ನಾರ್ದಮ್ ಮತ್ತು ಜೆನ್ನಿಫರ್ ಎಲ್ ಆ ದೃಶ್ಯಗಳಲ್ಲಿ ತೋರಿದ ಸಂಯಮದ ಅಭಿನಯವೂ ಮೆಚ್ಚತಕ್ಕದ್ದೇ. ಆದರೆ ಪರಿಣಾಮವೇನು? ಪತ್ರವೊಂದು ಸಿಕ್ಕ ಕೂಡಲೇ ಅದರ ಹಿಂದಿನ ಘಟನೆ ಕಣ್ಣಿಗೆ ಕಟ್ಟುತ್ತದೆ. ಸಂಶಯಕ್ಕೆ ಎಡೆಯೇ ಇಲ್ಲ. ಆಕರಕ್ಕೂ ಸತ್ಯಕ್ಕೂ ನಡುವೆ ಇರುವ ಕಂದಕವೇ ಮುಚ್ಚಿಹೋಗುತ್ತದೆ. ದಾಖಲೆಯೆಂದರೆ ಸತ್ಯಕ್ಕೆ ತೆರೆದ ಕಿಟಕಿ ಎಂಬ ಭ್ರಮೆಯನ್ನು ಪ್ರೇಕ್ಷಕನಲ್ಲಿ ಬಿತ್ತುವುದು ಸಂಶೋಧನೆಗೆ ಮಾಡುವ ಉಪಕಾರವಲ್ಲ.

ನಿಜವಾದ ಅನ್ವೇಷಣೆ ಹೇಗಿರುತ್ತದೆ ಎಂಬುದಕ್ಕೆ ಅದೇ ಇಂಗ್ಲೆಂಡಿನಲ್ಲಿ ಅದೇ 1990ರಲ್ಲಿ ಪ್ರಕಟವಾದ ಇನ್ನೊಂದು ಗ್ರಂಥ ಸಾಕ್ಷಿಯಾಗಿದೆ. ಚಾರ್ಲ್ಸ್ ಡಿಕನ್ಸ್ ಮತ್ತು ನಟಿ ಎಲೆನ್ ಟರ್ನನ್ ಅವರ ಮುಚ್ಚಿಟ್ಟ ಸಂಬಂಧವನ್ನು ಕುರಿತು ಕ್ಲೇರ್ ಟೊಮಲಿನ್ ಬರೆದ 'ದಿ ಇನ್ವಿಸಿಬಲ್ ವುಮನ್' ಅದು. 1860ರ ಸೆಪ್ಟೆಂಬರಿನಲ್ಲಿ ಡಿಕನ್ಸ್ ತನ್ನ ಗ್ಯಾಡ್ಸ್ ಹಿಲ್ ಮನೆಯ ಹಿತ್ತಲಿನಲ್ಲಿ ಬೆಂಕಿ ಹಾಕಿಸಿ ಹಲವು ವರ್ಷಗಳ ಪತ್ರಗಳನ್ನು ಸುಟ್ಟುಹಾಕಿದನು. ಅವನಿಗೂ ಎಲೆನ್‌ಗೂ ನಡುವೆ ನಡೆದಿರಬಹುದಾದ ಪತ್ರವ್ಯವಹಾರದ ಒಂದು ಹಾಳೆಯೂ ಉಳಿದಿಲ್ಲ. ಹಾಗಾದರೆ ಸಂಶೋಧಕರ ಕೈಗೆ ಸಿಕ್ಕಿದ್ದೇನು? ಅಮೆರಿಕದ ಪ್ರವಾಸದಲ್ಲಿ ಡಿಕನ್ಸ್ ಕಳೆದುಕೊಂಡಿದ್ದ 1867ರ ಒಂದು ಪುಟ್ಟ ಜೇಬು ದಿನಚರಿ. ಅದರಲ್ಲಿ ಒಂದೆರಡು ಅಕ್ಷರಗಳ ಸಂಕ್ಷೇಪಗಳು. ಸ್ಲೌ ಊರಿನ ಮನೆತೆರಿಗೆಯ ಪುಸ್ತಕದಲ್ಲಿ ದಾಖಲಾದ 'ಟ್ರಿಂಗಮ್' ಎಂಬ ಮರೆಹೆಸರು. ಈ ಒಣ ಎಲುಬುಗಳನ್ನು ಜೋಡಿಸಿ ಒಂದು ಹೆಣ್ಣಿನ ಬಾಳನ್ನು ಮತ್ತೆ ಕಟ್ಟುವುದಕ್ಕೆ ಎಷ್ಟೋ ಜನರ ಎಷ್ಟೋ ವರ್ಷಗಳ ದುಡಿಮೆ ಬೇಕಾಯಿತು. ಕೊನೆಗೂ ಹಲವು ಪ್ರಶ್ನೆಗಳು ಪ್ರಶ್ನೆಗಳಾಗಿಯೇ ಉಳಿದವು. ಆ ಮೌನವನ್ನು ಮೌನವಾಗಿಯೇ ಉಳಿಯಗೊಟ್ಟದ್ದು ಆ ಗ್ರಂಥದ ಘನತೆ. ಇಂಥ ದುಡಿಮೆಯ ಗೌರವ ಬಯಟ್‌ಗೆ ಗೊತ್ತಿತ್ತು. ಆಶ್‌ನ ಪತ್ನಿಯ ದಿನಚರಿಯೊಂದನ್ನೇ ಹಿಡಿದು ಅರ್ಧ ಆಯುಷ್ಯ ಸವೆಸಿದ ಬಿಯಾಟ್ರಿಸ್ ನೆಸ್ಟ್ ಎಂಬ ವಿದ್ವಾಂಸೆಯನ್ನು ಅವರು ಮೊದಲು ನಗೆಯಿಂದ, ಆಮೇಲೆ ಆದರದಿಂದ ಚಿತ್ರಿಸಿದ್ದಾರೆ. ಚಿತ್ರದಲ್ಲಿ ಸಂಶೋಧನೆಯೆಂದರೆ ಕಾರು ಹತ್ತಿ ಊರೂರು ಸುತ್ತುವ ನಿಧಿಶೋಧ. ಗೊಂಬೆಯ ಹಾಸಿಗೆಯಡಿ ಕೈಯಿಟ್ಟರೆ ಪತ್ರದ ಕಟ್ಟು. ಗೋರಿ ಅಗೆದರೆ ಪೆಟ್ಟಿಗೆ. ಈ ಘಟನೆಗಳು ಕಾದಂಬರಿಯಲ್ಲೂ ಇವೆಯಾದರೂ, ಅಲ್ಲಿ ಅವುಗಳಿಗೆ ದಾರಿ ತೋರಿಸುವುದು ಕವಿತೆಯ ಸೂಕ್ಷ್ಮವಾದ ಓದು. ಆ ಓದನ್ನು ತೆಗೆದಮೇಲೆ ಉಳಿದದ್ದು ಅದೃಷ್ಟ.

ಇನ್ನು ಕಳವಿನ ವಿಷಯ. ರೋಲಂಡ್ ಪತ್ರಗಳನ್ನು ಗ್ರಂಥಾಲಯದಿಂದ ಕದ್ದೊಯ್ಯುತ್ತಾನೆ. 1841ರಲ್ಲಿ ಥಾಮಸ್ ಕಾರ್ಲೈಲ್‌ನ ಮುಂದಾಳ್ತನದಲ್ಲಿ ಹುಟ್ಟಿದ ಲಂಡನ್ ಲೈಬ್ರರಿಯು ಸದಸ್ಯರ ಮೇಲಿನ ವಿಶ್ವಾಸದಿಂದ ನಡೆದುಬಂದ ಸಂಸ್ಥೆ. ಅಲ್ಲಿ ಓದುಗನು ತಾನೇ ಕಪಾಟುಗಳ ನಡುವೆ ಸುತ್ತಾಡಿ ಪುಸ್ತಕಗಳನ್ನು ಮನೆಗೊಯ್ಯಬಲ್ಲನು. ಅಂಥಲ್ಲಿ ಹಸ್ತಪ್ರತಿಯನ್ನು ಜೇಬಿಗಿಳಿಸುವುದು ವಿದ್ವತ್ತಿನ ಬುಡಕ್ಕೇ ಕೊಡಲಿಯಿಟ್ಟಂತೆ. ಕಾದಂಬರಿಯ ರೋಲಂಡ್ ಅಂಜುಬುರುಕ, ಹಣವಿಲ್ಲದವನು, ಬ್ರಿಟಿಷ್ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಗುರುವಿನ ಕೈಕೆಳಗೆ ಅರೆಕಾಲಿಕ ದುಡಿಮೆ ಮಾಡುವವನು. ತಾನು ಮಾಡಿದ್ದು ತನಗೇ ನಂಬಲಾಗದೆ ತಪ್ಪಿತಸ್ಥ ಭಾವದಲ್ಲಿ ನವೆಯುತ್ತಾನೆ. ಚಿತ್ರದಲ್ಲಿ ಅವನನ್ನು ಧೈರ್ಯಶಾಲಿ ಅಮೆರಿಕನ್ ತರುಣನನ್ನಾಗಿ ಮಾಡಲಾಗಿದೆ. ಕಳವು ಅವನ ಸಾಹಸದ ಮೊದಲ ಮೆಟ್ಟಿಲಾಗಿದೆ. ಈ ಬದಲಾವಣೆಯಿಂದ ಇನ್ನೊಂದು ಎಳೆಯೂ ತುಂಡಾಯಿತು. ಧನಬಲದಿಂದ ಇಂಗ್ಲೆಂಡಿನ ಹಸ್ತಪ್ರತಿಗಳನ್ನು ಕೊಂಡು ಕಡಲಾಚೆಗೆ ಸಾಗಿಸುವ ಅಮೆರಿಕನ್ ಸಂಗ್ರಾಹಕ ಮಾರ್ಟಿಮರ್ ಕ್ರಾಪರ್, ಕವಿಯ ಗಡಿಯಾರವನ್ನೂ ಬಿಡದೆ ದೋಚುವವನು, ಕಾದಂಬರಿಯ ಖಳ. ಹಸ್ತಪ್ರತಿಯು ಹುಟ್ಟಿದ ನೆಲದಲ್ಲಿರಬೇಕೇ ಹಣವಿದ್ದಲ್ಲಿಗೆ ಹೋಗಬೇಕೇ ಎಂಬ ವಾದಕ್ಕೆ ಆ ಪಾತ್ರವೇ ಆಧಾರ. ನಾಯಕನೇ ಅಮೆರಿಕನ್ನನಾದ ಮೇಲೆ ಆ ವಾದದ ಮೊನೆ ಮೊಂಡಾಯಿತು.

ಇಂಗ್ಲಿಷ್ ಕಾನೂನಿನಲ್ಲಿ ಪತ್ರದ ಕಾಗದವು ಅದನ್ನು ಪಡೆದವರದು, ಅದರಲ್ಲಿನ ಬರಹದ ಹಕ್ಕು ಬರೆದವರದು ಮತ್ತು ಅವರ ವಾರಸುದಾರರದು. ಈ ಸೂಕ್ಷ್ಮ ಭೇದದ ಮೇಲೆಯೇ ಬಯಟ್ ಕಥೆಯ ಕೊನೆಯ ಗಂಟನ್ನು ಬಿಗಿದಿದ್ದಾರೆ. ಮಾಡ್ ಆ ಪ್ರಣಯದಿಂದ ಹುಟ್ಟಿದ ಮಗಳ ವಂಶದವಳೆಂದು ತಿಳಿದಾಗ ಓಲೆಗಳ ಒಡೆತನವೂ ತೀರ್ಮಾನವಾಗುತ್ತದೆ. ಆದರೆ ಕಾನೂನಿನ ಒಡೆತನ ಬೇರೆ, ನೀತಿಯ ಒಡೆತನ ಬೇರೆ. ಎರಡನೆಯದರ ಕಡೆಗೆ ಚಿತ್ರ ತಲೆಯೆತ್ತಿಯೂ ನೋಡುವುದಿಲ್ಲ. ಲಮಾಟ್ ಬರೆದ ಕಡೆಯ ಪತ್ರ, ಮರಣಶಯ್ಯೆಯಲ್ಲಿದ್ದ ಆಶ್‌ನಿಗೆಂದು ಅವನ ಪತ್ನಿ ಎಲೆನ್‌ಳ ಕೈಗೆ ಬಂದಿತ್ತು. ಎಲೆನ್ ಅದರ ಮುದ್ರೆಯನ್ನು ಒಡೆಯಲಿಲ್ಲ, ಸುಡಲೂ ಇಲ್ಲ, ಪೆಟ್ಟಿಗೆಯಲ್ಲಿಟ್ಟು ಗಂಡನೊಡನೆ ಮಣ್ಣುಮಾಡಿದಳು. ಓದುವುದಕ್ಕೆ ಎಲ್ಲರಿಗಿಂತ ಹೆಚ್ಚು ಕಾರಣವಿದ್ದವಳು ಓದದೆ ಉಳಿದಳು. ನೂರು ವರ್ಷಗಳ ಮೇಲೆ ಕ್ರಾಪರ್ ನಡುರಾತ್ರಿಯಲ್ಲಿ ಗೋರಿ ತೋಡುತ್ತಾನೆ; ಸಜ್ಜನರು ಅವನನ್ನು ಹಿಡಿಯುತ್ತಾರೆ; ಬಳಿಕ ಅದೇ ಸಜ್ಜನರು ಆ ಪತ್ರವನ್ನು ಒಡೆದು ಓದುತ್ತಾರೆ. ಅಗೆದವನೊಬ್ಬ, ಉಂಡವರು ಎಲ್ಲರೂ. ಕಾದಂಬರಿಯಲ್ಲಿ ಈ ವಿಪರ್ಯಾಸದ ಕಹಿ ಓದುಗನ ನಾಲಿಗೆಯ ಮೇಲೆ ಉಳಿಯುತ್ತದೆ. ಚಿತ್ರದಲ್ಲಿ ಅದು ಶುಭಾಂತ್ಯಕ್ಕೆ ಮುನ್ನಿನ ಕುತೂಹಲ ಮಾತ್ರ.

ಇದು ಕಲ್ಪನೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಕವಿ, ಚಿತ್ರಕಾರ ಡಾಂಟೆ ಗೇಬ್ರಿಯಲ್ ರೊಸೆಟ್ಟಿ 1862ರಲ್ಲಿ ತೀರಿಕೊಂಡ ಪತ್ನಿ ಎಲಿಜಬೆತ್ ಸಿಡಲ್‌ಳ ಶವಪೆಟ್ಟಿಗೆಯಲ್ಲಿ ತನ್ನ ಕವಿತೆಗಳ ಹಸ್ತಪ್ರತಿಯನ್ನಿಟ್ಟು ಹೂಳಿಸಿದನು; 1869ರಲ್ಲಿ ಹೈಗೇಟ್ ಸ್ಮಶಾನದ ಆ ಗೋರಿಯನ್ನು ತೆರೆಯಿಸಿ ಅದನ್ನು ಹೊರತೆಗೆಸಿದನು; 1870ರಲ್ಲಿ ಅವನ ಕವನ ಸಂಕಲನ ಹೊರಬಂತು. ಕೊಟ್ಟದ್ದನ್ನು ಸತ್ತವಳ ಕೈಯಿಂದ ಮರಳಿ ಕಸಿದ ಆ ಕೃತ್ಯದ ನೆರಳು ಆ ಕವಿತೆಗಳಿಂದ ಇಂದಿಗೂ ಸರಿದಿಲ್ಲ. ಷಾರ್ಲಟ್ ಬ್ರಾಂಟೆ ಬ್ರಸೆಲ್ಸ್ ನಗರದ ತನ್ನ ಗುರು ಕಾನ್‌ಸ್ಟಾಂಟಿನ್ ಹೆಗರ್‌ಗೆ ಬರೆದ ಪತ್ರಗಳ ಕಥೆ ಇನ್ನೂ ಮಾರ್ಮಿಕ. ವಿವಾಹಿತನಾದ ಗುರು ಅವನ್ನು ಹರಿದೆಸೆದನು. ಅವನ ಹೆಂಡತಿ ಚೂರುಗಳನ್ನು ಆಯ್ದು ಜೋಡಿಸಿ ಹೊಲಿದು ಕಾಪಿಟ್ಟಳು. ಎಲಿಜಬೆತ್ ಗ್ಯಾಸ್ಕೆಲ್‌ಗೆ ಆ ಪತ್ರಗಳ ವಿಚಾರ ತಿಳಿದಿತ್ತು. 1857ರಲ್ಲಿ ಪ್ರಕಟವಾದ ತನ್ನ ಜೀವನಚರಿತ್ರೆಯಲ್ಲಿ ಅವುಗಳ ಮರ್ಮವನ್ನು ಆಕೆ ಮರೆಮಾಚಿದಳು. 1913ರಲ್ಲಿ ಹೆಗರ್‌ನ ಮಕ್ಕಳು ಉಳಿದಿದ್ದ ನಾಲ್ಕು ಪತ್ರಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು. 'ದಿ ಟೈಮ್ಸ್' ಪತ್ರಿಕೆಯಲ್ಲಿ ಅವು ಅಚ್ಚಾದವು. ಗ್ಯಾಸ್ಕೆಲ್ ಮಾಡಿದ್ದು ಸರಿಯೇ, ಹೆಗರ್‌ನ ಮಕ್ಕಳು ಮಾಡಿದ್ದು ಸರಿಯೇ ಎಂಬ ಬಗ್ಗೆ ವಿವೇಕಿಗಳಲ್ಲಿ ಭಿನ್ನಮತವಿರಬಹುದು. ಆದರೆ ಪ್ರಶ್ನೆಯೇ ಏಳದಂತೆ ನೋಡಿಕೊಳ್ಳುವ ಕಲೆ ವಿವೇಕದ ಕಲೆಯಲ್ಲ.

ಎಲ್ಲಕ್ಕಿಂತ ಹಾನಿಕರವಾದುದು ಈ ಬಗೆಯ ಚಿತ್ರಗಳು ಜನಪ್ರಿಯಗೊಳಿಸುತ್ತಿರುವ ಒಂದು ಸಿದ್ಧಾಂತ: ದೊಡ್ಡ ಬರಹದ ಹಿಂದೆ ಒಂದು ಗುಪ್ತ ಪ್ರೇಮವಿರಲೇಬೇಕು ಎಂಬುದು. 1998ರ 'ಷೇಕ್ಸ್‌ಪಿಯರ್ ಇನ್ ಲವ್' ಚಿತ್ರವು ಇಲ್ಲದ ಪ್ರೇಯಸಿಯೊಬ್ಬಳನ್ನು ಸೃಷ್ಟಿಸಿ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕಕ್ಕೆ ಆಕೆಯನ್ನೇ ಕಾರಣವಾಗಿಸಿತು. ಆ ನಾಟಕದ ಕಥೆ ಇಟಲಿಯಲ್ಲಿ ಹುಟ್ಟಿ, 1562ರಲ್ಲೇ ಆರ್ಥರ್ ಬ್ರೂಕ್‌ನ ಪದ್ಯಕಥನವಾಗಿ ಇಂಗ್ಲಿಷಿಗೆ ಬಂದಿತ್ತೆಂಬುದು ತಿಳಿದ ವಿಷಯವೇ. 2007ರ 'ಬಿಕಮಿಂಗ್ ಜೇನ್' ಚಿತ್ರವು ಜೇನ್ ಆಸ್ಟಿನ್‌ಳ ಪತ್ರಗಳಲ್ಲಿ ಸುಳಿದುಹೋಗುವ ಟಾಮ್ ಲೆಫ್ರಾಯ್ ಎಂಬ ತರುಣನನ್ನು ಹಿಡಿದು ಆಕೆಯ ಇಡೀ ಪ್ರತಿಭೆಯನ್ನು ಅವನ ಖಾತೆಗೆ ಜಮಾಮಾಡಿತು. ಅಕ್ಕ ಕಸಾಂಡ್ರಾ ಸುಟ್ಟುಹಾಕಿದ ಪತ್ರಗಳ ಜಾಗವನ್ನು ಚಿತ್ರಕಥೆಗಾರರು ತುಂಬಿದರು. ಇಂಥ ಕಥನಗಳಲ್ಲಿ ಹೆಣ್ಣಿನ ಓದು, ಹೆಣ್ಣಿನ ಏಕಾಂತ, ದಿನವೂ ಮೇಜಿನೆದುರು ಕುಳಿತು ತಿದ್ದಿ ತೀಡಿದ ಸಾಲುಗಳು ಲೆಕ್ಕಕ್ಕೆ ಬರುವುದಿಲ್ಲ. ಗಂಡೊಬ್ಬ ಬಂದು ಮುಟ್ಟಿದ ಮೇಲೆಯೇ ಲೇಖನಿಗೆ ಜೀವ.

ಲಮಾಟ್‌ಳ ಪಾತ್ರವನ್ನು ಬಯಟ್ ಕಟ್ಟಿದ್ದು ಈ ಸಿದ್ಧಾಂತಕ್ಕೆ ಎದುರಾಗಿ. ಮದುವೆಯ ಹಂಗಿಲ್ಲದೆ, ಚಿತ್ರಕಲಾವಿದೆ ಬ್ಲಾಂಚ್ ಗ್ಲೋವರ್‌ಳೊಡನೆ ಒಂದು ಮನೆಯಲ್ಲಿ ತಮ್ಮ ದುಡಿಮೆಯಿಂದ ತಾವು ಬಾಳುವ ಬದುಕನ್ನು ಆಕೆ ಆರಿಸಿಕೊಂಡಿದ್ದಳು. ಪ್ರಣಯವು ಆಕೆಗೆ ವರವೂ ಹೌದು, ಆ ಸ್ವಾತಂತ್ರ್ಯದ ಅಳಿವೂ ಹೌದು. ಬ್ಲಾಂಚ್ ಥೇಮ್ಸ್ ನದಿಗೆ ಹಾರಿ ಪ್ರಾಣ ಕಳೆದುಕೊಳ್ಳುತ್ತಾಳೆ. ಮಗಳು ತಾಯಿಯನ್ನು ತಾಯಿಯೆಂದು ಅರಿಯದೆ ಬೆಳೆಯುತ್ತಾಳೆ. ಆಕೆಯ ಮಹಾಕಾವ್ಯದ ನಾಯಕಿ ಮೆಲುಸಿನಾ ಎಂಬ ಫ್ರೆಂಚ್ ಐತಿಹ್ಯದ ಅಪ್ಸರೆ. ಶನಿವಾರ ತನ್ನನ್ನು ನೋಡಕೂಡದೆಂದು ಆಕೆ ಗಂಡನಿಂದ ಮಾತು ತೆಗೆದುಕೊಂಡಿರುತ್ತಾಳೆ. ಗಂಡ ಸ್ನಾನಗೃಹದ ಬಾಗಿಲ ಸಂದಿನಿಂದ ಇಣುಕುತ್ತಾನೆ, ಮನೆ ಮುರಿಯುತ್ತದೆ. ಇಣುಕುನೋಟದ ಶಾಪವನ್ನು ಹಾಡಿದ ಕವಯಿತ್ರಿಯ ಬಾಳನ್ನೇ ಇಣುಕುನೋಟಕ್ಕೆ ಒಡ್ಡಿದ್ದು ಕಾದಂಬರಿಯ ತೀಕ್ಷ್ಣ ವ್ಯಂಗ್ಯ. ಚಿತ್ರಕಾರರಿಗೆ ಈ ವ್ಯಂಗ್ಯ ಕಂಡಿದ್ದರೆ ಕ್ಯಾಮೆರಾವನ್ನು ಆ ಬಾಗಿಲ ಸಂದಿಯಲ್ಲೇ ಅಷ್ಟು ಸಲೀಸಾಗಿ ನಿಲ್ಲಿಸುತ್ತಿರಲಿಲ್ಲ.

ಪ್ರತಿವಾದಿಗಳು ಹೇಳುವ ಮಾತೊಂದಿದೆ: ಚಲನಚಿತ್ರ ಬೇರೆ ಮಾಧ್ಯಮ, ಅದನ್ನು ಕಾದಂಬರಿಯ ತಕ್ಕಡಿಯಲ್ಲಿ ತೂಗಬಾರದು, ಈ ಚಿತ್ರ ನೋಡಿ ನಾಲ್ಕು ಜನ ಕಾದಂಬರಿಯನ್ನು ಕೈಗೆತ್ತಿಕೊಂಡರೆ ಅದೇ ಲಾಭವಲ್ಲವೇ? ಮೊದಲನೆಯದು ಸತ್ಯ, ಆದರೆ ಅಪ್ರಕೃತ. ಇಲ್ಲಿನ ಆಕ್ಷೇಪ ಚಿತ್ರವು ಕಾದಂಬರಿಗೆ ನಿಷ್ಠವಾಗಿಲ್ಲವೆಂಬುದಲ್ಲ, ತಾನೆತ್ತಿಕೊಂಡ ವಸ್ತುವಿಗೆ ನಿಷ್ಠವಾಗಿಲ್ಲವೆಂಬುದು. ಸಂಶಯವನ್ನೂ, ಎಡವುವುದನ್ನೂ, ಕಾವ್ಯದ ದನಿಯನ್ನೂ ತೆರೆಯ ಮೇಲೆ ತರಬಲ್ಲ ನಿರ್ದೇಶಕರು ಜಗತ್ತಿನಲ್ಲಿ ಹಲವರಿದ್ದಾರೆ. ಮಾಧ್ಯಮಕ್ಕೆ ಅದು ಅಸಾಧ್ಯವೆನ್ನುವುದು ಚಲನಚಿತ್ರ ಕಲೆಗೇ ಮಾಡುವ ಅವಮಾನ. ಎರಡನೆಯ ಮಾತಾದರೋ, ಜನ ಯಾವುದನ್ನು ಹುಡುಕುತ್ತ ಕಾದಂಬರಿಗೆ ಬರುತ್ತಾರೆ ಎಂಬುದನ್ನು ಮರೆಯುತ್ತದೆ. ಪ್ರಣಯವನ್ನೇ ಅರಸಿ ಬಂದವರು ಕವಿತೆಯ ಪುಟಗಳನ್ನು ಹಾರಿಸಿ ಓದುತ್ತಾರೆ. ಹಾಗೆ ಹಾರಿಸಿ ಓದುವವರಿಗಾಗಿಯೇ ಈ ಚಿತ್ರ ಸಿದ್ಧವಾದಂತಿದೆ.

ಕಾದಂಬರಿಯ ಉಪಸಂಹಾರದಲ್ಲಿ 1868ರ ಒಂದು ಬಿಸಿಲ ದಿನ ಆಶ್ ಹುಲ್ಲುಗಾವಲಿನಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ಕಾಣುತ್ತಾನೆ. ಆಕೆ ತನ್ನ ಮಗಳೆಂಬುದು ಅವನಿಗೆ ಗೊತ್ತು, ಆಕೆಗೆ ಗೊತ್ತಿಲ್ಲ. ಹೂಮಾಲೆ ಹೆಣೆದುಕೊಟ್ಟು, ಒಂದು ಕುಡಿ ಕೂದಲನ್ನು ಕೇಳಿ ಪಡೆದು, ಲಮಾಟ್‌ಗೆ ಮುಟ್ಟಿಸಲೆಂದು ಒಂದು ಮಾತು ಹೇಳಿ ಹೋಗುತ್ತಾನೆ. ಆಟದ ಭರದಲ್ಲಿ ಹುಡುಗಿ ಅದನ್ನು ಮರೆತುಬಿಡುತ್ತಾಳೆ. ಆಶ್‌ನ ಗಡಿಯಾರದೊಳಗಿನ ಕೂದಲು ಲಮಾಟ್‌ಳದೆಂದು ಎಲ್ಲ ವಿದ್ವಾಂಸರೂ ನಿರ್ಣಯಿಸಿರುತ್ತಾರೆ. ಆ ನಿರ್ಣಯ ತಪ್ಪು. ಆ ಭೇಟಿಗೆ ಪತ್ರವಿಲ್ಲ, ದಿನಚರಿಯಿಲ್ಲ, ಸಾಕ್ಷಿಯಿಲ್ಲ. ಎಷ್ಟು ಗೋರಿ ತೋಡಿದರೂ ಅದು ಸಿಗದು. ಎಲ್ಲವನ್ನೂ ಕೈವಶ ಮಾಡಿಕೊಂಡೆವೆಂದು ಬೀಗಿದ ಸಂಶೋಧಕರ ಕೈಯಿಂದ ಮುಖ್ಯವಾದದ್ದೇ ಜಾರಿಹೋಯಿತೆಂದು ಬಯಟ್ ಇಲ್ಲಿ ಹೇಳುತ್ತಿದ್ದಾರೆ. ಚಿತ್ರದ ಕೊನೆಗೂ ಇದೇ ದೃಶ್ಯವಿದೆ, ಅಂದವಾಗಿಯೂ ಇದೆ. ಆದರೆ ಅದಕ್ಕೂ ಮುಂಚೆ ನೂರಾರು ಸಲ ಎಲ್ಲವನ್ನೂ ನೋಡಿ ಅಭ್ಯಾಸವಾದ ಪ್ರೇಕ್ಷಕನಿಗೆ ಇದೊಂದು ನೋಡಬಾರದ, ನೋಡಲಾಗದ ಗಳಿಗೆಯೆಂದು ಹೊಳೆಯುವುದು ಹೇಗೆ? ಕಾದಂಬರಿಯಲ್ಲಿ ಪಂಡಿತರ ಗರ್ವಕ್ಕೆ ಬಿದ್ದ ಪೆಟ್ಟು, ಚಿತ್ರದಲ್ಲಿ ಮನೆಗೆ ಹೊರಟವರ ಕಣ್ಣಂಚಿನ ಹನಿಯಾಗಿ ಮುಗಿದಿದೆ.

ಕವಿ ತನ್ನ ಕೈಯಾರೆ ಲೋಕಕ್ಕೆ ಒಪ್ಪಿಸಿ ಹೋದದ್ದು ಕಾವ್ಯ. ಅದು ಓದಿದವರೆಲ್ಲರ ಸೊತ್ತು. ಅದಕ್ಕೆ ಗೋರಿ ಅಗೆಯಬೇಕಿಲ್ಲ, ಜೇಬಿಗಿಳಿಸಬೇಕಿಲ್ಲ. ಓಲೆಗಳು ಬೇರೆ. ಒಬ್ಬರ ಕಣ್ಣಿಗೆಂದು ಬರೆದದ್ದನ್ನು ಲೋಕದ ಕಣ್ಣಿಗೆ ಹಿಡಿಯುವ ಸಂಶೋಧಕನು ಅದರಿಂದ ಕಾವ್ಯದ ಅರಿವು ಎಷ್ಟು ಬೆಳೆಯಿತೆಂಬ ಲೆಕ್ಕವನ್ನು ಒಪ್ಪಿಸಬೇಕು. ಆ ಲೆಕ್ಕ ಒಪ್ಪಿಸಲಾಗದಿದ್ದರೆ ಮುದ್ರೆ ಒಡೆಯದೆ ಮಣ್ಣಿಗಿಟ್ಟ ಎಲೆನ್‌ಳ ಮುಂದೆ ಅವನ ವಿದ್ವತ್ತು ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ.